ಮೊರದಲ್ಲಿ ಬಂದ ಸಿಡುಬು

ಸಿಡುಬು ಗಾಳಿಯಲ್ಲಿ ಬರುತ್ತದೆ ಎಂದು ಕೆಲವರು ಹೇಳುತ್ತಿದ್ದರು, ಪಾಪದಿಂದ ಬರುತ್ತದೆ ಎಂದು ಕೆಲವರು. ಹೆಂಗಸರ ಮೌಢ್ಯದಿಂದ ಬರುತ್ತದೆ ಎಂದು ಬರೆದು ರುಜು ಹಾಕಿದವರು ಆರೋಗ್ಯದ ಮೇಲಧಿಕಾರಿಗಳು. ಆ ಬೇಸಿಗೆಯಲ್ಲಿ ಅದು ಪಾವಗಡದ ಕಡೆಯಿಂದ ಕೊರಟಗೆರೆ ಸೀಮೆಯವರೆಗೆ ಹೇಗೆ ನಡೆದು ಬಂತು ಎಂಬುದನ್ನು ನಾನು ಕಂಡಿದ್ದೇನೆ. ಅದು ಬಿದಿರಿನ ಮೊರದಲ್ಲಿ ಬಂತು. ಆದರೆ ಆ ಮೊರವನ್ನು ಕಳ್ಳದಾರಿ ಹಿಡಿಸಿದವರು ಹಳ್ಳಿಯ ಹೆಂಗಸರಲ್ಲ. ಅಷ್ಟನ್ನು ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಯುದ್ಧದ ಕಾಲ. ಸಕ್ಕರೆ, ಸೀಮೆಎಣ್ಣೆ ಅಳೆದು ಕೊಡುತ್ತಿದ್ದರು. ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ನಮ್ಮ ಯಜಮಾನರು ಮಧುಗಿರಿಯ ಆಸ್ಪತ್ರೆಯಲ್ಲಿ ಡಾಕ್ಟರು. ನನ್ನ ಕೆಲಸ ಮನೆ, ಅಡುಗೆ, ಮಧ್ಯಾಹ್ನ ಒಂದಿಷ್ಟು ಕಸೂತಿ. ಐ.ಡಿ.ಹಳ್ಳಿ ಕಡೆ ಅಮ್ಮ ಎದ್ದಿದೆ ಎಂಬ ಸುದ್ದಿ ಬಂದಾಗ ನಮ್ಮ ತಾಲ್ಲೂಕಿನಲ್ಲಿ ದಾಕು, ಎಂದರೆ ಸಿಡುಬಿನ ಲಸಿಕೆ, ಹಾಕುವವರನ್ನು ಶಿರಾದವರು ಎರವಲು ಕರೆಸಿಕೊಂಡಿದ್ದರು. ಅಲ್ಲಿ ತಾವರೆಕೆರೆಯಲ್ಲೂ ಅದೇ ಬೇನೆ. ಅವರು ಇದ್ದಿದ್ದರೂ ಅರ್ಧ ಕೆಲಸವಷ್ಟೆ ಆಗುತ್ತಿತ್ತು. ಗಂಡಸಿನ ಮುಂದೆ ತೋಳು ಬಿಚ್ಚಲು ಹೆಂಗಸರು ಒಪ್ಪುತ್ತಿರಲಿಲ್ಲ. ಅವರು ಊರು ಹೊಕ್ಕರೆ ಸಾಕು, ಮಕ್ಕಳನ್ನೂ ಎಳೆದುಕೊಂಡು ಹುಲ್ಲಿನ ಬಣವೆಯ ಹಿಂದೆ ಹೋಗಿ ನಿಲ್ಲುತ್ತಿದ್ದರು.

"ನೀನು ಬರ್ತೀಯಾ?" ಎಂದು ಯಜಮಾನರು ಊಟಕ್ಕೆ ಕೂತಾಗ ಕೇಳಿದರು. "ಕಾನ್ವೆಂಟಿನಲ್ಲಿ ಸಿಸ್ಟರುಗಳ ಹತ್ತಿರ ಗಾಯ ಕಟ್ಟೋದು ಕಲಿತಿದ್ದೆ ಅಂದಿದ್ದೆಯಲ್ಲ. ಇದು ಅದಕ್ಕಿಂತ ಸುಲಭ."

ಅಭ್ಯಾಸ ಮಾಡಿದ್ದು ಬದನೆಕಾಯಿಯ ಮೇಲೆ. ಒಂದು ಕಡ್ಡಿಯ ತುದಿಗೆ ಹಲ್ಲುಹಲ್ಲಾದ ಪುಟ್ಟ ಬಿಲ್ಲೆ. ಅದನ್ನು ಸ್ಪಿರಿಟ್ ದೀಪದಲ್ಲಿ ಕಾಯಿಸಿ ಆರಲು ಬಿಡಬೇಕು. ತೋಳನ್ನು ಸೋಪುನೀರಿನಲ್ಲಿ ಒರೆಸಬೇಕು. ಗಾಜಿನ ಸಣ್ಣ ನಳಿಗೆಯ ಎರಡೂ ತುದಿ ಮುರಿದು ದಾಕಿನ ರಸವನ್ನು ಚರ್ಮದ ಮೇಲೆ ಹನಿಸಬೇಕು. ಬಿಲ್ಲೆಯನ್ನು ಅದರ ಮೇಲಿಟ್ಟು ಒತ್ತಿ ತಿರುಗಿಸಬೇಕು. ರಕ್ತ ಹರಿದರೆ ತಪ್ಪು, ರಸವೆಲ್ಲ ಅದರ ಜೊತೆ ತೊಳೆದು ಹೋಗುತ್ತದೆ. ಬರೀ ಗೀರು ಕಾಣಬೇಕು, ಕೆಂಪು ಜಿನುಗಬೇಕು. ಬದನೆಯ ನೇರಳೆ ಸಿಪ್ಪೆ ಮಾತ್ರ ಹೋಗಿ ಒಳಗಿನ ಬಿಳುಪು ನಜ್ಜಾಗದಂತೆ ತಿರುಗಿಸಲು ಬರುವವರೆಗೆ ಮನೆಯಲ್ಲಿ ದಿನವೂ ಎಣ್ಣೆಗಾಯಿ.

ನಮ್ಮ ಮನೆಗೆಲಸದಾಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಬದನೇಕಾಯ್ಗೂ ಅಮ್ಮ ಬತ್ತಾಳಾ ಅಮ್ಮೋರೆ?" ಎಂದಳು. ಅವಳದು ಹೊಳವನಹಳ್ಳಿ. ಗಂಡ ಮಧುಗಿರಿಯಲ್ಲಿ ಬಾಡಿಗೆ ಗಾಡಿ ಹೊಡೆಯುತ್ತಿದ್ದ. ಒಬ್ಬಳೇ ಮಗಳನ್ನು ಅದೇ ಹೊಳವನಹಳ್ಳಿಯಲ್ಲಿ ತನ್ನ ಅಣ್ಣನ ಮಗನಿಗೆ ಕೊಟ್ಟಿದ್ದಳು. ಹುಡುಗಿ ಚೊಚ್ಚಲ ಬಸುರಿ. ಮಡಿಲು ತುಂಬಿ ಕರೆತರುವುದಕ್ಕೆಂದು ತಾಯಿ ಒಂದು ಹಸಿರು ಸೀರೆ ತಂದು, ಇಲಿ ಕಡಿದೀತೆಂದು ನನ್ನ ಟ್ರಂಕಿನಲ್ಲಿ ಇಡಿಸಿದ್ದಳು. ಆಗಾಗ ಕೈ ಒರೆಸಿಕೊಂಡು ಬಂದು, "ವಸಿ ತೆಗೀರಿ ಅಮ್ಮೋರೆ, ನೋಡ್ತೀನಿ" ಎನ್ನುವಳು. ಅಂಚನ್ನು ಮುಟ್ಟಿ ನೋಡಿ ಮತ್ತೆ ಇಡಿಸುವಳು.

"ನಿನ್ನ ಮಗಳಿಗೆ ಚಿಕ್ಕಂದಿನಲ್ಲಿ ದಾಕು ಹಾಕಿಸಿದ್ದೆಯಾ?" ಎಂದು ಕೇಳಿದೆ.

"ಎಲ್ಲಿ? ದಾಕು ಹಾಕೋ ಆ ಗಡ್ಡದಯ್ಯ ಬಂದಾಗೆಲ್ಲ ನಾನೇ ಬಣವೆ ಹಿಂದ್ಕೆ ಮಡಗ್ತಿದ್ದೆ."

"ಈಗಲೇ ಇಲ್ಲಿಗೆ ಕರೆಸಿಕೊ."

"ಮಡ್ಲು ತುಂಬೋಗಂಟ ಕಳ್ಸಾಕಿಲ್ಲ ಅಂತಾಳೆ ನಮ್ಮತ್ತಿಗೆ. ಅಮ್ಮ ಇರೋದು ಐ.ಡಿ.ಹಳ್ಳೀಲಿ, ನಮ್ಮೂರು ಎಲ್ಲಿ, ಅದೆಲ್ಲಿ ಬುಡಿ."

ಐ.ಡಿ.ಹಳ್ಳಿಯಲ್ಲಿ ಅಮ್ಮ ಎದ್ದ ಮನೆ ಯಾವುದೆಂದು ಕೇಳಬೇಕಾಗಿರಲಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಒಳಗೆ ಒಗ್ಗರಣೆಯ ವಾಸನೆ ಇಲ್ಲ, ಹೊರಗಿನವರು ಒಳಗೆ ಹೋಗುವುದಿಲ್ಲ, ಒಳಗಿನವರು ನಂಟರ ಮನೆಗೆ ಹೋಗುವುದಿಲ್ಲ. ಯಜಮಾನರು ಮೆಲ್ಲಗೆ, "ನಾವು ಹೇಳಬೇಕಾದ್ದನ್ನೆಲ್ಲ ಇವರು ಆಗಲೇ ಮಾಡಿದ್ದಾರೆ" ಎಂದರು. ನಾನು ಪಕ್ಕದ ಮನೆಗಳ ಹೆಂಗಸರನ್ನು ಜಗುಲಿಯ ಒಳಬದಿಯಲ್ಲಿ ಕೂರಿಸಿಕೊಂಡು ಒಬ್ಬೊಬ್ಬರಿಗೇ ದಾಕು ಹಾಕತೊಡಗಿದೆ. ರಸದ ನಳಿಗೆಗಳು ಒದ್ದೆ ಬಟ್ಟೆ ಸುತ್ತಿದ ಹೂಜಿಯಲ್ಲಿದ್ದವು. ಬಿಸಿಲು ತಾಗಿದರೆ ಆ ರಸ ಸತ್ತು ನೀರಾಗುತ್ತದೆ, ನೋಡಲು ಮಾತ್ರ ಹಾಗೇ ಇರುತ್ತದೆ. ಆ ಮಾತನ್ನು ಯಜಮಾನರು ಹೋಗುವಾಗಲೂ ಬರುವಾಗಲೂ ಹೇಳುತ್ತಿದ್ದರು. "ಅರಿಶಿನ ಹಚ್ಚಬೇಡಿ, ಎಣ್ಣೆ ಸವರಬೇಡಿ, ಹಾಗೇ ಒಣಗಲಿ" ಎಂದು ನಾನೂ ಹೇಳಿದ್ದನ್ನೇ ಹೇಳುತ್ತಿದ್ದೆ.

ಊರ ಮಾರಮ್ಮನ ಗುಡಿಯ ಪೂಜೆ ಮಾಡುತ್ತಿದ್ದ ಅಜ್ಜಿ, ನಾವು ಮೂರನೆಯ ಸಲ ಹೋದಾಗ, ಮೊರ ಕಟ್ಟುತ್ತಿದ್ದಳು. ಒಂದು ಮನೆಯಲ್ಲಿ ಅಮ್ಮ ಇಳಿದಿತ್ತು. ಇಳಿದ ಅಮ್ಮನನ್ನು ಊರ ಗಡಿ ದಾಟಿಸಬೇಕು. ಹೊಸ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಬೇವು, ಮೊಸರನ್ನ ಇಟ್ಟು, ತಮಟೆ ಬಡಿಸಿಕೊಂಡು ಹೋಗಿ ಮುಂದಿನ ಊರಿನ ಎಲ್ಲೆಯಲ್ಲಿ ಇಟ್ಟು ಬರುವುದು. ಆ ಊರಲ್ಲಿ ಗಡಿಗೆ ಹತ್ತಿರದ ಮನೆಯ ಮುತ್ತೈದೆ ಬಂದು ಅದನ್ನು ಎತ್ತಿಕೊಂಡು, ಊರೊಳಗೆ ಪೂಜೆ ಮಾಡಿಸಿ, ಇನ್ನೊಂದು ಗಡಿಗೆ ಮುಟ್ಟಿಸುವುದು. ಹೀಗೇ ಊರಿಂದೂರಿಗೆ. ಪಾವಗಡದ ಮೂಡಲಲ್ಲಿ, ಮೈಸೂರು ಸಂಸ್ಥಾನದ ಗಡಿಯಾಚೆ ಬ್ರಿಟಿಷ್ ಸೀಮೆಯಲ್ಲಿ, ಮದುವೆಗೆ ಹೋಗಿ ಬಂದ ಒಂದು ಮನೆಯಲ್ಲಿ ಮೊದಲು ಎದ್ದದ್ದು, ಅಲ್ಲಿಂದ ಮೊರ ತೆಂಕಲಿಗೆ ನಡೆದಿತ್ತು. ಅದು ನಡೆದ ದಾರಿಯಲ್ಲೇ, ಹತ್ತು ಹನ್ನೆರಡು ದಿನ ಹಿಂದೆ ಬಿದ್ದು, ಬೇನೆಯೂ ನಡೆದಿತ್ತು.

ಯಾಕೆ ಎಂದು ನನಗೆ ಗೊತ್ತಾದದ್ದು ಅಜ್ಜಿ ಮೊರದ ತಳಕ್ಕೆ ಮಡಿಸಿ ಇಟ್ಟ ಕಂಬಳಿಯ ತುಂಡನ್ನು ನೋಡಿದಾಗ. ರೋಗಿ ಮಲಗಿದ್ದ ಕಂಬಳಿ. ಅದರ ಕಪ್ಪು ಉಣ್ಣೆಯಲ್ಲಿ ಹೊಟ್ಟಿನಂಥ ಚಕ್ಕೆಗಳು ಸಿಕ್ಕಿಕೊಂಡಿದ್ದವು. ಯಜಮಾನರನ್ನು ಕರೆದು ತೋರಿಸಿದೆ. ಗುಳ್ಳೆ ಒಣಗಿ ಉದುರಿದ ಆ ಹಕ್ಕಳೆಯಲ್ಲಿ ವಿಷ ವಾರಗಟ್ಟಲೆ ಬದುಕಿರುತ್ತದೆ ಎಂದರು.

"ಅಜ್ಜೀ, ಇದನ್ನು ಯಾಕೆ ಇಡ್ತೀರಿ?"

"ಅಮ್ಮ ಒರಗಿದ್ದ ಹಾಸ್ಗೆ ಅಲ್ವಾ ತಾಯಿ? ಆಯಮ್ಮಂದೇ ಅದು. ನಾವು ಮಡಿಕ್ಕಂಡ್ರೆ ಆಯಮ್ಮ ತಿರ್ಗಾ ಬತ್ತಾಳೆ."

ಯಜಮಾನರು ರೋಗದ ಹುಳುವಿನ ವಿಚಾರ ಹೇಳಲು ಹೊರಟರು. ಅಜ್ಜಿ ವಿನಯದಿಂದ ತಲೆ ಆಡಿಸುತ್ತ ಕಂಬಳಿಯ ಮೇಲೆ ಬಳೆ ಜೋಡಿಸುತ್ತಲೇ ಇದ್ದಳು. ನನಗೆ ನನ್ನ ಟ್ರಂಕಿನಲ್ಲಿದ್ದ ಹಸಿರು ಸೀರೆ ನೆನಪಾಯಿತು.

"ಅಜ್ಜೀ, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಹಾಸಿ ಹೊದ್ದ ಕಂಬಳಿ ಕೊಟ್ಟು ಕಳಿಸ್ತೀರಾ? ಹೊಸ ಸೀರೆ ಉಡಿಸಿ ಕಳಿಸ್ತೀರಾ?"

ಅಜ್ಜಿಯ ಕೈ ನಿಂತಿತು. ಸುತ್ತ ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

"ಸೀರೆ ಯಾರು ಕೊಡ್ತಾರೆ? ನಿನ್ ಸರ್ಕಾರ ಕೊಡ್ತದಾ?" ಎಂದಳು ಅಜ್ಜಿ. "ಉಡಾಕೇ ಇಲ್ಲ, ರೇಷನ್ನು."

"ನಾನು ಕೊಡ್ತೀನಿ. ಹಳೇ ಕಂಬಳಿ ಸುಟ್ಟುಬಿಡಿ. ಅಮ್ಮನ ಮೈಲಿಗೆ ಬೆಂಕಿಗೇ ಸೇರಲಿ."

"ಡಾಕ್ಟ್ರಮ್ಮ ಪರ್ವಾಗಿಲ್ಲ ಕಣ್ರೇ, ನಮ್ಮ ಅಮ್ಮಂಗೆ ತವರುಮನೆ ಆಗವ್ಳೆ" ಎಂದು ಅಜ್ಜಿ ನಕ್ಕಳು. ಆ ಮೊರ ಹೋದದ್ದು ನಾನು ಮಾರನೆಯ ದಿನ ತಂದುಕೊಟ್ಟ ಕೆಂಪು ನೂಲಿನ ಸೀರೆಯೊಂದಿಗೆ. ಕಂಬಳಿಯನ್ನು ಗುಡಿಯ ಮುಂದೆಯೇ ಸುಟ್ಟರು. ಅಜ್ಜಿ ಮುಂದಿನ ಊರಿಗೂ ಹೇಳಿ ಕಳಿಸಿದಳು: ಅಮ್ಮನಿಗೆ ಈಗ ಹೊಸ ಬಟ್ಟೆ ಬೇಕಂತೆ, ಹಳೆಯದನ್ನು ಒಲ್ಲಳಂತೆ. ಒಂದು ಊರಿನಲ್ಲಿ ಸೀರೆ ಇಲ್ಲದೆ ರವಿಕೆಯ ಕಣ ಇಟ್ಟರು. ಇನ್ನೊಂದು ಊರಿನಲ್ಲಿ ಹೊಸ ಕರವಸ್ತ್ರವಷ್ಟೆ. ಸಾಕಾಗಿತ್ತು. ಮೊರ ಮುಂದೆ ಹೋಗುತ್ತಿತ್ತು, ಅದರ ಹಿಂದೆ ನಾವು ದಾಕು ಹಾಕುತ್ತ ಹೋಗುತ್ತಿದ್ದೆವು. ಆ ಊರುಗಳಲ್ಲಿ ಹೊಸದಾಗಿ ಬೇವು ಕಟ್ಟಿದ ಬಾಗಿಲು ಕಾಣದೆ ಹೋದಾಗ ನನಗೆ ಆದ ಸಂತೋಷವನ್ನು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ.

ಆಗ ಮೇಲಧಿಕಾರಿಗಳು ಕ್ಯಾಂಪಿಗೆ ಬಂದರು.

ನಮ್ಮ ಹತ್ತಿರ ರಸ ಮುಗಿದಿತ್ತು. ಯಜಮಾನರು ಬೇಡಿ ಬರೆದಿದ್ದ ಡಬ್ಬಿ ಬೆಂಗಳೂರಿನಿಂದ ಅವರ ಜೊತೆಯಲ್ಲೇ ಬಂದಿದೆ ಎಂದು ತಿಳಿದು ನಾವಿಬ್ಬರೂ ಅವರು ಇಳಿದುಕೊಂಡಿದ್ದ ಬಂಗಲೆಗೆ ಹೋದೆವು. ಜಗುಲಿಯಲ್ಲಿ ಸಾಲು ನಿಂತಿತ್ತು: ಅವರ ಹೆಂಡತಿ, ನಾದಿನಿ, ಇಬ್ಬರು ಗುಮಾಸ್ತರು, ಅಡುಗೆಯವನು, ಬೇಟೆಗೆಂದು ಜೊತೆಗೆ ಬಂದ ಸ್ನೇಹಿತರು. ಎಲ್ಲರ ತೋಳಿನಲ್ಲೂ ಹಳೆಯ ದಾಕಿನ ಗುಂಡು ಕಲೆ ಇತ್ತು. ಅಡುಗೆಯವನಿಗೆ ಎರಡಿತ್ತು. ಅದರ ಪಕ್ಕದಲ್ಲೇ ಮತ್ತೊಂದು ಹಾಕುತ್ತಿದ್ದರು. ರಸದ ಡಬ್ಬಿ ಕಿಟಕಿಯ ಪಕ್ಕದ ಮೇಜಿನ ಮೇಲೆ ಬಾಯಿ ತೆರೆದು ಕೂತಿತ್ತು. ಪಡುವಣ ಬಿಸಿಲು ಮೇಜಿನ ಅರ್ಧದವರೆಗೆ ಬಂದಿತ್ತು, ಡಬ್ಬಿಯನ್ನು ದಾಟಿ.

"ಬನ್ನಿ ಡಾಕ್ಟರೇ. ಈ ಬೇನೆ ಬ್ರಿಟಿಷ್ ಸೀಮೆಯಲ್ಲಿ ಹುಟ್ಟಿದ್ದು ತಾನೆ? ಮೊದಲು ಅದನ್ನು ಖಚಿತ ಮಾಡಿ ಬರೆದುಕೊಡಿ. ನಮ್ಮದಲ್ಲ ಅಂತ ಆದರೆ ಸಾಕು, ಉಳಿದದ್ದು ಆಮೇಲೆ" ಎಂದರು ಮೇಲಧಿಕಾರಿಗಳು.

"ಸರ್, ಡಬ್ಬಿ ಬಿಸಿಲಿನಲ್ಲಿದೆ" ಎಂದೆ.

ಅವರು ನನ್ನ ಕಡೆ ತಿರುಗಿದರು. "ಓ, ಮಾರಮ್ಮನಿಗೆ ಸೀರೆ ಉಡಿಸೋ ತಾಯಿ ನೀವೇ ಏನು? ಕಾನ್ವೆಂಟಿನಲ್ಲಿ ಓದಿದವರಂತೆ. ಸರ್ಕಾರದ ಡಾಕ್ಟರ ಮನೆಯವರು ಮೌಢ್ಯಕ್ಕೆ ಬಟ್ಟೆ ಹಂಚೋದು ಚೆನ್ನಾಗಿ ಕಾಣೋದಿಲ್ಲಮ್ಮ."

"ಸೀರೆ ಹೋದ ಊರುಗಳಲ್ಲಿ ಬೇನೆ ನಿಂತಿದೆ, ಸರ್."

"ಬಿಸಿಲು ಹೆಚ್ಚಾದರೆ ತಾನಾಗೇ ನಿಲ್ಲುತ್ತೆ. ಇನ್ನು ಮೇಲೆ ಮೊರ ಕಂಡಲ್ಲಿ ಸುಟ್ಟು, ಹೊತ್ತವಳನ್ನು ಠಾಣೆಗೆ ಕರೆತರೋಕೆ ಹೇಳಿದ್ದೀನಿ."

ದನಿ ಏರಿಸಬಾರದು ಎಂದು ಸಿಸ್ಟರುಗಳು ನನಗೆ ಕಲಿಸಿದ್ದರು. ಆ ದಿನ ನನ್ನ ದನಿ ಏರಲಿಲ್ಲ. ಬಂಗಲೆಯವರಿಗೆಲ್ಲ ಆಗಿ ಉಳಿದ ನಳಿಗೆಗಳನ್ನು ಗುಮಾಸ್ತ ಕಾಗದದಲ್ಲಿ ಸುತ್ತಿ ಕೊಟ್ಟ. ಗಾಜು ಬೆಚ್ಚಗಿತ್ತು. ಯಜಮಾನರು ಅವನ್ನು ಬೆರಳಲ್ಲಿ ಉರುಳಿಸಿ ನೋಡಿ, "ಎಲ್ಲವೂ ಸತ್ತಿರಲಾರದು. ಬೇರೆ ಇಲ್ಲವಲ್ಲ" ಎಂದರು. ಬೆಂಗಳೂರಿಗೆ ಮತ್ತೆ ತಂತಿ ಕಳಿಸಿದರು.

ಪೊಲೀಸರು ಮಧುಗಿರಿಯ ತೆಂಕಣ ಹಳ್ಳಿಯೊಂದರಲ್ಲಿ ಮೊರ ಹಿಡಿದು, ಹೊಸ ಸೀರೆಯ ಸಮೇತ ರಸ್ತೆಯಲ್ಲಿ ಸುಟ್ಟರು. ಹೊತ್ತಿದ್ದ ಹೆಂಗಸನ್ನು ಪೇಟೆ ಬೀದಿಯಲ್ಲಿ ನಡೆಸಿಕೊಂಡು ಬಂದರು. ಅಂದಿನಿಂದ ಮೊರ ಕಾಣಲಿಲ್ಲ. ನಿಂತಿತು ಎಂದಲ್ಲ. ತಮಟೆ ಇಲ್ಲದೆ, ರಸ್ತೆ ಬಿಟ್ಟು, ಹಳ್ಳದ ಗುಂಟ, ಹೊಲದ ಬದುವಿನ ಮೇಲೆ ಹೋಗತೊಡಗಿತು. ಸೀರೆಯ ಮಾತನ್ನು ಯಾರೂ ಕೇಳಲಿಲ್ಲ. ಸೀರೆ ಕೊಟ್ಟವಳು ಸರ್ಕಾರದ ಕಡೆಯವಳು, ಸುಟ್ಟವರೂ ಸರ್ಕಾರದವರು. ಹೆಂಗಸರು ಲೆಕ್ಕ ಹಾಕಿದ್ದು ಹೀಗೆ, ಅದರಲ್ಲಿ ತಪ್ಪೇನು? ಅಮ್ಮ ಮುನಿದಳೆಂದು ಮತ್ತೆ ಕಂಬಳಿ ಇಡಲು ಶುರು ಮಾಡಿದರು. ನಾನು ಹೋದ ಊರುಗಳಲ್ಲಿ, "ಮೊರನಾ? ಯಾವ ಮೊರ ಕಣಮ್ಮ?" ಎನ್ನುತ್ತಿದ್ದರು. ಆ ಸುಳ್ಳನ್ನು ಅವರಿಗೆ ಕಲಿಸಿದ್ದು ನಮ್ಮ ಆಳ್ವಿಕೆ.

ಮನೆಗೆಲಸದಾಕೆ ಅಂದು ಪಾತ್ರೆ ತೊಳೆಯುವುದನ್ನು ಬಿಟ್ಟು ಬಂದು ನಿಂತಳು. "ಅಮ್ಮೋರೆ, ನಮ್ಮಣ್ಣನ ಮನೆ ಊರ ಗಡೀಲೇ ಐತೆ. ಮೊರ ಬಂದ್ರೆ ಎತ್ತೋದು ನಮ್ಮನೆ ಹೆಂಗಸ್ರೇ. ನಮ್ಮತ್ತಿಗೆ ಸೊಂಟ ಬಿದ್ದೈತೆ. ಎತ್ತಾಕೆ ನನ್ ಮಗಳೊಬ್ಳೇ ಇರಾದು."

ಅವಳನ್ನೂ ಕರೆದುಕೊಂಡು ಬಸ್ಸು ಹತ್ತಿದೆ. ಏರಿನಲ್ಲಿ ಬಸ್ಸು ನಿಂತು, ಕಂಡಕ್ಟರು ಇಳಿದು ಇದ್ದಿಲಿನ ಗೂಡಿಗೆ ಗಾಳಿ ಹಾಕಿದ ಮೇಲೆ ಮತ್ತೆ ಹೊರಟಿತು. ಕೊರಟಗೆರೆಯಿಂದ ಮುಂದಕ್ಕೆ ಎತ್ತಿನ ಗಾಡಿ. ಮಗಳು ಬಾಗಿಲಲ್ಲೇ ನಿಂತಿದ್ದಳು. ಉಬ್ಬಿದ ಹೊಟ್ಟೆಯ ಮೇಲೆ ಕೈ, ಮೂಗಿನ ತುದಿಯಲ್ಲಿ ಬೆವರು. ಮೊರ ಇನ್ನೂ ಬಂದಿರಲಿಲ್ಲ. ತಾಯಿ ಅತ್ತಿಗೆಯನ್ನು ಬೇಡಿಕೊಂಡಳು. "ಮಡ್ಲು ತುಂಬ್ದೆ ಬಸ್ರಿ ಹೆಂಗಸು ಹೊಸಲು ದಾಟ್ಬಾರ್ದು, ಈ ಶುಕ್ರವಾರ ಬುಟ್ಟು ಮುಂದಿನ ಶುಕ್ರವಾರ ಮಡ್ಲು ತುಂಬಿ ಕರ್ಕಂಡೋಗು" ಎಂದಳು ಅತ್ತಿಗೆ, ಅಳುತ್ತಲೇ. ನಾನು ಹುಡುಗಿಯ ತೋಳು ತೊಳೆದೆ, ಬಂಗಲೆಯಿಂದ ತಂದಿದ್ದ ರಸ ಹನಿಸಿದೆ, ಬಿಲ್ಲೆ ತಿರುಗಿಸಿದೆ. ಅವಳು ಕಣ್ಣು ಮುಚ್ಚಲಿಲ್ಲ. "ಇಷ್ಟೇನಾ? ಬಣವೆ ಹಿಂದೆ ಕೂತ್ಕಂಡು ಇರುವೆ ಕಚ್ಚುಸ್ಕಂತಿದ್ನಲ್ಲ, ಇದ್ಕಿಂತ ಅದೇ ನೋಯ್ತಿತ್ತು" ಎಂದು ತಾಯಿಯನ್ನು ಛೇಡಿಸಿದಳು.

ಶುಕ್ರವಾರ ಹಸಿರು ಸೀರೆ, ಹಸಿರು ಬಳೆ ಕಟ್ಟಿಕೊಂಡು ಮತ್ತೆ ಹೋದೆವು. ನನ್ನ ಹೂಜಿಯಲ್ಲಿ ಬೆಂಗಳೂರಿನಿಂದ ಹಿಂದಿನ ದಿನ ಬಂದ ತಾಜಾ ರಸವಿತ್ತು. ಹುಡುಗಿಯ ತೋಳನ್ನು ಬೆಳಕಿಗೆ ಹಿಡಿದೆ. ದಾಕು ಹತ್ತಿದ್ದರೆ ಅಷ್ಟು ಹೊತ್ತಿಗೆ ಮುತ್ತಿನಂಥ ಗುಳ್ಳೆ ಇರಬೇಕು, ಸುತ್ತ ಕೆಂಪಿರಬೇಕು. ಚರ್ಮ ನುಣುಪಾಗಿತ್ತು. ಗೀರು ಕೂಡ ಮಾಯವಾಗಿತ್ತು.

"ಮೊರ ಬಂದಿತ್ತಾ?" ಎಂದು ಕೇಳಿದೆ.

"ನೀವು ಹೋದ ಮಾರನೇ ದಿನವೇ ಬಂತು. ಕತ್ತಾಳೆ ಬೇಲಿ ಪಕ್ಕ ಮಡಗಿದ್ರು" ಎಂದಳು ಹುಡುಗಿ. "ನಾನೇ ಎತ್ಕಂಡು ಹೋಗಿ ಆಕಡೆ ಗಡೀಗೆ ಬುಟ್ಟು ಬಂದೆ. ಮುಂಚಿಂದ್ಲೂ ಭಯ ಇತ್ತು ಅಮ್ಮೋರೆ. ನೀವು ದಾಕು ಹಾಕಿದ್ರಲ್ಲ, ಅದ್ಕೇ ಧೈರ್ಯವಾಗಿ ಎತ್ತಿದೆ."

ತಾಯಿ ನನ್ನ ಮುಖ ನೋಡಿದಳು. ನಾನು ತಾಜಾ ರಸ ತೆಗೆದು ಮತ್ತೆ ಹಾಕಿದೆ. ವಿಷ ಮೈಗೆ ಸೇರಿ ಮೂರು ನಾಲ್ಕು ದಿನದೊಳಗೆ ದಾಕು ಹಾಕಿದರೆ ಉಳಿಸಬಹುದು ಎಂದು ಯಜಮಾನರು ಹೇಳಿದ್ದರು. ಆ ದಿನಗಳು ದಾಟಿದ್ದವು. ಕಿಟಕಿಯ ಪಕ್ಕದ ಮೇಜು, ಬಾಯಿ ತೆರೆದ ಡಬ್ಬಿ, ಅಡುಗೆಯವನ ತೋಳಿನ ಮೂರನೆಯ ಗೀರು ನನ್ನ ಕಣ್ಣ ಮುಂದೆ ನಿಂತವು.

ಮಡಿಲು ತುಂಬಲಿಲ್ಲ. ಅಂದೇ ಸಂಜೆ ಅವಳಿಗೆ ಸೊಂಟ ನೋವು, ಮೈ ಬೆಚ್ಚಗೆ. ನಾನು ಅಲ್ಲೇ ಉಳಿದೆ, ಯಜಮಾನರೂ ಬಂದರು. ಬಸುರಿಗೆ ಸಿಡುಬು ಹೇಗೆ ಬರುತ್ತದೆ ಎಂಬುದನ್ನು ಬರೆಯಲಾರೆ. ಗುಳ್ಳೆ ತುಂಬುವ ಮೊದಲೇ ಚರ್ಮದ ಕೆಳಗೆ ರಕ್ತ ಕಟ್ಟುತ್ತದೆ ಎಂದಷ್ಟೇ ಹೇಳುತ್ತೇನೆ. ತಾಯಿ ಬೇವಿನ ಸೊಪ್ಪಿನಲ್ಲಿ ಗಾಳಿ ಬೀಸುತ್ತ ಕೂತಿದ್ದಳು. ಮಗು ಮೊದಲು ಹೋಯಿತು. ಮಾರನೆಯ ದಿನ ಅವಳೂ ಹೋದಳು.

ತಾಯಿಗೆ ಬಂಗಲೆಯ ವಿಷಯವನ್ನು ಮುಚ್ಚಿಡಬೇಡ ಎಂದು ಯಜಮಾನರು ಹೇಳಿದರು. ಹೇಳಿದೆ. ಅವಳು, "ಆ ಬಂಗ್ಲೆ ನಾಯ್ಗೂ ಹಾಕಿದ್ರಾ ಅಮ್ಮೋರೆ?" ಎಂದು ಕೇಳಿದಳು.

ಮೇಲಧಿಕಾರಿಗಳ ವರದಿಯನ್ನು ಯಜಮಾನರ ಮೇಜಿನ ಮೇಲೆ ನಾನೇ ಓದಿದೆ. ಬೇನೆ ಹೊರಗಿನ ಸೀಮೆಯಲ್ಲಿ ಹುಟ್ಟಿದ್ದು, ಹೆಂಗಸರ ಮೌಢ್ಯದಿಂದ ಹರಡಿದ್ದು, ಸಕಾಲದ ಕಟ್ಟುನಿಟ್ಟಿನಿಂದ ನಿಂತದ್ದು. ಡಬ್ಬಿಯ ಮಾತಿಲ್ಲ. ಯಜಮಾನರು ಅದನ್ನು ಸೇರಿಸಿ ಬರೆದು ಕಳಿಸಿದರು; ಬಂದ ಉತ್ತರ, ಮನೆಯ ಹೆಂಗಸರನ್ನು ಸರ್ಕಾರದ ಕೆಲಸದಲ್ಲಿ ತೊಡಗಿಸಿದ್ದಕ್ಕೆ ಕಾರಣ ಕೇಳಿ. ನಿಂತದ್ದು ಹೇಗೆ ಎಂದು ನನಗೆ ಗೊತ್ತು. ಹೊಳವನಹಳ್ಳಿಯ ಗಡಿಯಲ್ಲಿ ನಾನಿದ್ದೆ.

ಇಳಿದ ಅಮ್ಮನಿಗೆ ಮೊರ ಕಟ್ಟಿದವಳು ತಾಯಿಯೇ. ಮಗಳ ಕಂಬಳಿಯನ್ನು ಹಿತ್ತಿಲಲ್ಲಿ ತಾನೇ ಸುಟ್ಟು, ಬೂದಿಯನ್ನು ಕೋಲಿನಿಂದ ಕೆದಕಿ, ಎಳೆ ಉಳಿದಿಲ್ಲವೆಂದು ನೋಡಿಕೊಂಡು ಬಂದಳು. ಮೊರಕ್ಕೆ ಇಟ್ಟದ್ದು ಮಡಿಕೆ ಬಿಚ್ಚದ ಹಸಿರು ಸೀರೆ, ಹಸಿರು ಬಳೆ. ಹಗಲು ಹೊತ್ತಿನಲ್ಲೇ, ರಸ್ತೆಯ ನಡುವೆಯೇ ಹೊತ್ತು ನಡೆದಳು. ನಾನು ಹಿಂದೆ ನಡೆದೆ. ಪೊಲೀಸಿನವರು ಬಂದರೆ ಮೊದಲು ನನ್ನನ್ನು ಹಿಡಿಯಲಿ ಎಂದೇ ನಡೆದೆ. ಯಾರೂ ಬರಲಿಲ್ಲ.

ಗಡಿಕಲ್ಲಿನ ಆಚೆ ಹುಣಿಸೆಮರದ ಕೆಳಗೆ ಮುಂದಿನ ಊರಿನ ಹೆಂಗಸರು ಕಾಯುತ್ತಿದ್ದರು. ಎತ್ತಬೇಕಾದವಳು ಹರೆಯದವಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಿದ್ಧಳಾಗಿದ್ದಳು. ತಾಯಿ ಕಲ್ಲು ದಾಟಲಿಲ್ಲ. ಮೊರವನ್ನು ಈಚೆಗೇ ಇಳಿಸಿ ಅದರ ಮುಂದೆ ಕೂತುಬಿಟ್ಟಳು.

"ಯಾಕಕ್ಕಾ, ಇನ್ನೂ ವಸಿ ಮುಂದಕ್ಕೆ ಬಾ" ಎಂದರು ಆಚೆಯವರು.

"ನೀವ್ಯಾರೂ ಎತ್ತಬ್ಯಾಡ್ರವ್ವ. ಆಯಮ್ಮ ನನ್ ಮಗಳ ಸೀರೆ ಉಟ್ಟವ್ಳೆ, ಇನ್ನು ನಮ್ಮೂರ ಮಗಳೇಯ. ಇಲ್ಲೇ ಇರ್ಲಿ."

"ಗಡಿ ದಾಟುಸ್ದಿದ್ರೆ ಅಮ್ಮ ಕ್ವಾಪ ಮಾಡ್ಕಳಾಕಿಲ್ವಾ?"

"ನಂಗಿಂತಾನಾ?" ಎಂದಳು ತಾಯಿ.

ಆಚೆಯ ಹುಡುಗಿ ಸೊಂಟದ ಸೆರಗು ಬಿಡಿಸಿಕೊಂಡು, ಬರಿಗೈಯಲ್ಲಿ ತನ್ನ ಊರಿನ ಕಡೆಗೆ ತಿರುಗಿದಳು.